ಚಿನ್ನದೊಡನೆ ಹುಟ್ಟಿದ ಕರಿಹರಳು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುಮಾರ್ಗದ ಆಸುಪಾಸಿನ, ಕೋಲಾರದ ಚಿನ್ನದ ಗಣಿಗಳ ನೆಲ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆಗೆ ಇಳಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಸುಮಾರು 800 ಟನ್ ಚಿನ್ನವನ್ನು ನೀಡಿದೆ. ಈ ಚಿನ್ನದ ಬಹುಪಾಲು ಕಪ್ಪು-ಹಸಿರು ಬಂಡೆಗಳ ಬಿರುಕುಗಳಲ್ಲಿ ಬಿಸಿನೀರು ಹರಿದು ಹೆಪ್ಪುಗಟ್ಟಿಸಿದ ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿತ್ತು. ಅದೇ ಎಳೆಗಳಲ್ಲಿ ಅಲ್ಪ ಪ್ರಮಾಣದಲ್ಲಿ ಟೂರ್ಮಲಿನ್ ಎಂಬ ಖನಿಜವೂ ಇದೆ.

ಟೂರ್ಮಲಿನ್ ಎಂಬುದು ಬೋರಾನ್, ಅಲ್ಯುಮಿನಿಯಂ ಮತ್ತು ಸಿಲಿಕಾಗಳಿಂದಾದ, ಒಂದೇ ಬಗೆಯ ಒಳರಚನೆಯ ಖನಿಜಗಳ ಕುಟುಂಬ. ಇದರ ಹರಳು ನೀಳವಾದ ಕಡ್ಡಿಯಂತೆ ಬೆಳೆಯುತ್ತದೆ. ಮೈಮೇಲೆ ಉದ್ದಕ್ಕೂ ಗೀರುಗಳಿರುತ್ತವೆ, ಅಡ್ಡ ಕತ್ತರಿಸಿದರೆ ಬದಿಗಳು ಉಬ್ಬಿದ ತ್ರಿಕೋನ ಕಾಣುತ್ತದೆ. ಇದರ ಬಣ್ಣವನ್ನು ನಿರ್ಧರಿಸುವುದು ಹರಳು ಬೆಳೆಯುವಾಗ ಸುತ್ತಲಿನಿಂದ ಒಳಸೇರಿದ ಲೋಹ: ಕಬ್ಬಿಣ ಹೆಚ್ಚಿದ್ದರೆ ಅದು ಕಪ್ಪಾಗಿ ‘ಶೋರ್ಲ್’ ಎನಿಸುತ್ತದೆ; ಲಿಥಿಯಂ ಇರುವ ಬಗೆಯಲ್ಲಿ ಮ್ಯಾಂಗನೀಸ್ ಸೇರಿದರೆ ಗುಲಾಬಿ-ಕೆಂಪಿನ ‘ರುಬೆಲೈಟ್’, ಕಬ್ಬಿಣ ಸೇರಿದರೆ ಹಸಿರು ಅಥವಾ ನೀಲಿ, ತಾಮ್ರ ಸೇರಿದರೆ ಬ್ರೆಜಿಲ್‌ನ ಪರೈಬಾದಲ್ಲಿ 1980ರ ದಶಕದಲ್ಲಿ ದೊರೆತ ಹೊಳೆಯುವ ನೀಲಿ-ಹಸಿರು ಹುಟ್ಟುತ್ತದೆ. ಬೆಳೆಯುವ ನಡುವೆಯೇ ದ್ರವದ ಘಟಕಗಳು ಬದಲಾದರೆ ಒಂದೇ ಹರಳಿನ ಒಡಲು ಕೆಂಪಾಗಿ, ಅಂಚು ಹಸಿರಾಗಿ, ಕಲ್ಲಂಗಡಿ ಹಣ್ಣಿನ ಹೋಳನ್ನು ಹೋಲುತ್ತದೆ.

ನವರತ್ನಗಳ ಸಾಲಿನಲ್ಲಿ ಸ್ಥಾನವಿಲ್ಲದ ಈ ಹರಳು ಬಹುಕಾಲ ಬೇರೆ ರತ್ನಗಳ ಹೆಸರಿನಲ್ಲಿಯೇ ಬಾಳಿತು. ಕೆಂಪು ಟೂರ್ಮಲಿನ್ ಮಾಣಿಕ್ಯವೆಂದೂ ಹಸಿರು ಟೂರ್ಮಲಿನ್ ಪಚ್ಚೆಯೆಂದೂ ಕೈ ಬದಲಾಯಿಸಿದವು. ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ 1777ರಲ್ಲಿ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್‌ಗೆ ಕಾಣಿಕೆಯಿತ್ತ ‘ಮಾಣಿಕ್ಯ’ವೂ ರುಬೆಲೈಟ್ ಎಂದು ಮುಂದೆ ತಿಳಿಯಿತು. ‘ಟೂರ್ಮಲಿನ್’ ಎಂಬ ಹೆಸರಿನ ಮೂಲವೂ ಸಿಂಹಳದ ‘ತೋರಮಲ್ಲಿ’ ಎಂಬ ಪದ. ಅದನ್ನು ಬಗೆಬಗೆಯ ಬಣ್ಣದ ಹರಳುಗಳಿಗೆ ಬಳಸುತ್ತಿದ್ದರು.

ಆದುದರಿಂದ ಹಳೆಯ ಉಂಗುರವನ್ನು ಪರಿಶೀಲಿಸುವವರು ಬಣ್ಣವೊಂದನ್ನೇ ನಂಬುವುದಿಲ್ಲ. ಹರಳನ್ನು ಬೆಳಕಿಗೆ ಹಿಡಿದು ಮೆಲ್ಲನೆ ತಿರುಗಿಸಿದಾಗ ಒಂದು ದಿಕ್ಕಿನಲ್ಲಿ ತಿಳಿಹಸಿರಾಗಿಯೂ ಇನ್ನೊಂದು ದಿಕ್ಕಿನಲ್ಲಿ ಕಪ್ಪಿಗೆ ತಿರುಗಿದ ಹಸಿರಾಗಿಯೂ ಕಂಡರೆ ಅದು ಟೂರ್ಮಲಿನ್ ಇರಬಹುದೆಂಬ ಸೂಚನೆ ದೊರೆಯುತ್ತದೆ. ಹಳೆಯ ಉಂಗುರಗಳಲ್ಲಿ ಅನೇಕವು ಹಿಂಬದಿ ಮುಚ್ಚಿದ ಮನೆಯುಳ್ಳವು. ಹರಳಿನ ಅಡಿಗೆ ತೆಳುವಾದ ಲೋಹದ ತಗಡನ್ನಿಟ್ಟು ಹೊಳಪು ಹೆಚ್ಚಿಸುತ್ತಿದ್ದುದರಿಂದ, ಅಂಥ ಉಂಗುರವನ್ನು ನೀರಿನಲ್ಲಿ ನೆನೆಸಿದರೆ ತಗಡು ಮಾಸಿ ಹರಳೇ ಮಂಕಾದಂತೆ ತೋರುತ್ತದೆ. ಹಠಾತ್ ಕಾವಿಗೆ ಟೂರ್ಮಲಿನ್ ಸೀಳುವುದರಿಂದ, ಬಲ್ಲ ಅಕ್ಕಸಾಲಿಗರು ಬೆಸುಗೆಗೆ ಮುನ್ನ ಅದನ್ನು ಬಿಡಿಸಿಡುತ್ತಾರೆ. ಹದವಾಗಿ ಬೆಚ್ಚಗಾದಾಗಲಾದರೋ ಅದರ ಎರಡು ತುದಿಗಳಲ್ಲಿ ವಿದ್ಯುದಂಶ ಮೂಡಿ, ಹರಳು ಧೂಳನ್ನು ಸೆಳೆದುಕೊಳ್ಳುತ್ತದೆ.

ಕೋಲಾರದ ಟೂರ್ಮಲಿನ್ ಇಂಥ ಉಂಗುರಗಳನ್ನು ಏರುವ ಜಾತಿಯದಲ್ಲ. ಅದು ಕಪ್ಪು, ಅಪಾರದರ್ಶಕ. ಗಿರಣಿಗಳಲ್ಲಿ ಅದಿರಿನೊಡನೆ ಪುಡಿಯಾಗಿ, ಚಿನ್ನವನ್ನು ತೆಗೆದುಕೊಂಡ ಬಳಿಕ ಉಳಿದ ಹುಡಿಯೊಂದಿಗೆ ಊರಿನ ಸೈನೈಡ್ ದಿಬ್ಬಗಳನ್ನು ಸೇರಿತು. ಆದರೆ ಟೂರ್ಮಲಿನ್ ತಾನು ಹುಟ್ಟಿದ ದ್ರವದ ಗುರುತನ್ನು ತನ್ನ ಬೋರಾನ್‌ನಲ್ಲಿ ಉಳಿಸಿಕೊಳ್ಳುವುದರಿಂದ, ರಾಯಚೂರು ಜಿಲ್ಲೆಯ ಹೀರಾ ಬುದ್ದಿನ್ನಿ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳು ಅದನ್ನೇ ಪರೀಕ್ಷಿಸಿ, ಚಿನ್ನವನ್ನು ಹೊತ್ತುತಂದ ನೀರಿನ ಮೂಲವನ್ನು ಅರಸಿದ್ದಾರೆ. ಕರಗಿಸಿ ಅಚ್ಚು ಹೊಯ್ದ ಚಿನ್ನ ತನ್ನ ಹುಟ್ಟಿದೂರನ್ನು ಹೇಳದು. ಬೆಲೆ ಕಾಣದ ಈ ಕರಿಹರಳು ಅದನ್ನು ಮರೆತಿಲ್ಲ.