ಸುಳ್ಯ ಪಟ್ಟಣ: ನೆಲ, ಜಲ, ಜನ

ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಭಾಗದಲ್ಲಿ, ಪಶ್ಚಿಮ ಘಟ್ಟಗಳ ತಪ್ಪಲಿನಲ್ಲಿ, ಪಯಸ್ವಿನೀ ನದಿಯ ದಡದಲ್ಲಿ ಸುಳ್ಯವೆಂಬ ಚಿಕ್ಕ ಪಟ್ಟಣವಿರುವುದು. ಈ ತಾಲೂಕಿನ ಪೂರ್ವಕ್ಕೆ ಕೊಡಗು, ದಕ್ಷಿಣಕ್ಕೆ ಕೇರಳದ ಕಾಸರಗೋಡು ಸೀಮೆ, ವಾಯವ್ಯಕ್ಕೆ ಪುತ್ತೂರು, ಉತ್ತರಕ್ಕೆ ಕಡಬ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯು ಪಟ್ಟಣದ ನಡುವೆಯೇ ಹಾದು, ಸಂಪಾಜೆಯ ಘಾಟಿಯನ್ನೇರಿ ಮಡಿಕೇರಿಯನ್ನು ಸೇರುತ್ತದೆ.

ಇಲ್ಲಿ ವಿಶಾಲವಾದ ಬಯಲುಗಳಿಲ್ಲ. ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ಇಕ್ಕಟ್ಟಾದ ಕಣಿವೆಗಳು. ಕಣಿವೆಯಲ್ಲಿ ತೋಡು, ತೋಡಿನ ಎರಡೂ ಮಗ್ಗುಲಲ್ಲಿ ಅಡಿಕೆಯ ತೋಟ, ಮೇಲಣ ಇಳಿಜಾರಿನಲ್ಲಿ ಗೇರು ಮತ್ತು ರಬ್ಬರು. ಕಡಬದ ಕಡೆಯ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನತ್ತ ಹರಿದರೆ, ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿಯು ಸುಳ್ಯವನ್ನು ದಾಟಿ, ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುವುದು.

ಈ ಸೀಮೆಯ ಚರಿತ್ರೆಗೂ ಬೇಸಾಯಕ್ಕೂ ನಿಕಟವಾದ ಸಂಬಂಧವುಂಟು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ, ಅದಕ್ಕೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳನ್ನು ಕೆನರಾ ಜಿಲ್ಲೆಗೆ ಕೂಡಿಸಲಾಯಿತು. ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕೆಂಬ ನಿರ್ಬಂಧವುಂಟಾಗಲು ಒಕ್ಕಲುಗಳು ಸಂಕಟಕ್ಕೊಳಗಾದರು. 1837ರಲ್ಲಿ ಇಲ್ಲಿಂದೆದ್ದು ಮಂಗಳೂರಿನವರೆಗೆ ನಡೆದ ಬಂಡಾಯಕ್ಕೆ ಇದು ಒಂದು ಮುಖ್ಯ ಕಾರಣ.

2001ರ ಜನಗಣತಿಯಲ್ಲಿ ಸುಮಾರು 18,000ದಷ್ಟಿದ್ದ ಪಟ್ಟಣದ ಜನಸಂಖ್ಯೆಯು 2011ರಲ್ಲಿ 20,000ದ ಸಮೀಪಕ್ಕೆ ಬಂದಿತು. 2019ರ ಪಟ್ಟಣ ಪಂಚಾಯತಿಯ ಚುನಾವಣೆಯು 20 ವಾರ್ಡುಗಳಿಗೆ ನಡೆಯಿತು. ಸಂತೆಯಲ್ಲಿ ಕಿವಿಗೊಟ್ಟರೆ ತುಳು, ಅರೆಭಾಷೆ, ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿಗಳು ಒಟ್ಟಿಗೇ ಕೇಳಿಬರುವುವು. ಡಾ. ಕುರುಂಜಿ ವೆಂಕಟರಮಣ ಗೌಡರು (1928–2013) ಸ್ಥಾಪಿಸಿದ ವಿದ್ಯಾಸಂಸ್ಥೆಗಳ ದೆಸೆಯಿಂದ ಹೊರಗಿನ ವಿದ್ಯಾರ್ಥಿಗಳೂ ಇಲ್ಲಿ ಬಂದು ನೆಲಸುತ್ತಾರೆ.

ಆದರೂ ಪಟ್ಟಣದ ಅಂಗಡಿಬೀದಿಯ ವ್ಯಾಪಾರವು ಸುತ್ತಣ ಹಳ್ಳಿಗಳ ಅಡಿಕೆಯನ್ನೇ ಬಹುಮಟ್ಟಿಗೆ ನಂಬಿದೆ. ಆ ಅಡಿಕೆಗೆ ಹಳದಿ ಎಲೆ ರೋಗವು ತಗಲಿ, ಸಂಪಾಜೆ, ಅರಂತೋಡು ಮುಂತಾದೆಡೆಗಳಲ್ಲಿ ತೋಟಗಳೇ ಬರಿದಾಗಿವೆ. ಈ ರೋಗದಲ್ಲಿ ಸೋಗೆಯ ತುದಿ ಹಳದಿಯಾಗುತ್ತದೆ, ತಿರುಳು ಕಪ್ಪಿಡುತ್ತದೆ, ಮರದ ತಲೆ ಕುಗ್ಗುತ್ತ ಬರುತ್ತದೆ. ಫೈಟೋಪ್ಲಾಸ್ಮವೆಂಬ ಸೂಕ್ಷ್ಮಜೀವಿಯಿಂದುಂಟಾಗಿ, ರಸ ಹೀರುವ ಜಿಗಿಹುಳುಗಳ ಮೂಲಕ ಹರಡುವ ಇದನ್ನು ಗುಣಪಡಿಸುವ ಔಷಧವಿಲ್ಲ. ರೋಗದ ನಡುವೆಯೂ ಹಸುರಾಗಿ ನಿಂತ ಮರಗಳನ್ನು ಆರಿಸಿ, ರೋಗ ಸಹಿಸುವ ತಳಿಯನ್ನು ಪಡೆಯಲು ವಿಜ್ಞಾನಿಗಳು ಯತ್ನಿಸುತ್ತಿರುವರು. ಆದುದರಿಂದ ಇಂತಹ ಮರಗಳನ್ನು ಕಂಡ ಕೃಷಿಕರು ಅವನ್ನು ಕಡಿಯದೆ, ಸಂಶೋಧನ ಕೇಂದ್ರಕ್ಕೆ ತಿಳಿಸತಕ್ಕದ್ದು.

ಎರಡನೆಯ ಚಿಂತೆ ನೀರಿನದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿದರೂ ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಬಿದ್ದು, ಇಳಿಜಾರಿನಲ್ಲಿ ಓಡಿಹೋಗುವುದು. ಏಪ್ರಿಲ್ ಬಂತೆಂದರೆ ಪಯಸ್ವಿನಿಯು ಬಡವಾಗುತ್ತದೆ. ಪಟ್ಟಣದ ನಲ್ಲಿಗೂ ದಡದ ತೋಟಗಳ ಪಂಪಿಗೂ ಆಗ ಒಂದೇ ನೀರು ಸಾಲಬೇಕು. ಹಿರಿಯರು ಮಳೆಗಾಲ ಕಳೆದೊಡನೆ ತೋಡಿಗೆ ಕಲ್ಲುಮಣ್ಣುಗಳಿಂದ ಕಟ್ಟ ಕಟ್ಟುತ್ತಿದ್ದುದು ಈ ಕಾರಣದಿಂದಲೇ. ಕಿಂಡಿ ಅಣೆಕಟ್ಟುಗಳು ಈಗ ಅದೇ ಕೆಲಸವನ್ನು ಮಾಡಬಲ್ಲವು. ಆದರೆ ಹರಿವು ಇಳಿಯುವ ಮುನ್ನವೇ ಹಲಗೆಗಳನ್ನು ಇಳಿಸದಿದ್ದರೆ ಅಣೆಕಟ್ಟಿದ್ದೂ ಪ್ರಯೋಜನವಿಲ್ಲ.

ಪಟ್ಟಣದ ಜನರೂ ತೋಟದ ಒಡೆಯರೂ ಒಂದೇ ಹೊಳೆಯ ಮಕ್ಕಳು. ತೋಟ ಬಾಡಿದರೆ ಪೇಟೆ ಬಾಡುವುದು. ಹೊಳೆ ಬತ್ತಿದರೆ ಎರಡೂ ಬಾಡುವುವು. ಆದುದರಿಂದ ಮುಂದಿನ ಮಳೆಗಾಲ ಮುಗಿಯುತ್ತಲೇ ಪ್ರತಿ ಗ್ರಾಮದವರೂ ಕೂಡಿ, ತಮ್ಮ ತಮ್ಮ ತೋಡುಗಳಲ್ಲಿ ನೀರನ್ನು ತಡೆಹಿಡಿಯುವುದು ಹಿತಕರ.