ಪಿಟೀಲು ಬಿಟ್ಟುಕೊಂಡರೆ

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಪಿಟೀಲು ನಡುರಾತ್ರಿ ‘ಟಪ್’ ಎಂದಿತು. ಬೆಳಗ್ಗೆ ನೋಡಿದರೆ ಮೇಲ್ಹಲಗೆಯ ಅಂಚು ಬೆರಳುದ್ದ ಬಿಟ್ಟುಕೊಂಡಿದೆ. ಸಿಕಂದರಾಬಾದಿನ ಬಿಸಿಲಿಗೆ ಬಾಗಿಲುಗಳೇ ಸೀಳುವಾಗ ಇದೇನು ಮಹಾ ಎಂದು ಹತ್ತಿರದ ಬಡಗಿಯ ಬಳಿ ಒಯ್ದೆ. ಅವನು ಕುರ್ಚಿಗೆ ಹಾಕುವ ಬಿಳಿ ಅಂಟನ್ನು ಧಾರಾಳವಾಗಿ ಸುರಿದು ಬಿಗಿದುಕೊಟ್ಟ. ಈ ಬೇಸಿಗೆಯಲ್ಲಿ ಅಂಟು ಬಿಡಲಿಲ್ಲ. ಹಲಗೆಯೇ ಉದ್ದಕ್ಕೂ ಸೀಳಿತು. ತಪ್ಪು ಬಡಗಿಯದಲ್ಲ, ತಿಳಿಯದೆ ಒಯ್ದ ನನ್ನದು.

ವಾದ್ಯ ರಿಪೇರಿ ಬಲ್ಲ ಹಿರಿಯರೊಬ್ಬರು ಆಮೇಲೆ ವಿವರಿಸಿದರು: ಪಿಟೀಲನ್ನು ಕಟ್ಟುವುದೇ ಬಿಚ್ಚಲು ಬರುವಂತೆ.

ಇಟಲಿಯ ಕ್ರಿಮೋನಾ ಪಟ್ಟಣದಲ್ಲಿ 16ನೆಯ ಶತಮಾನದ ಅಮಾಟಿಯಿಂದ 1737ರಲ್ಲಿ ತೀರಿಕೊಂಡ ಸ್ಟ್ರಾಡಿವರಿಯವರೆಗೆ ಬೆಳೆದ ಪದ್ಧತಿ ಇದು. ಮೇಲ್ಹಲಗೆಗೆ ದೇವದಾರುವಿನ ಬಳಗದ ಸ್ಪ್ರೂಸ್ ಎಂಬ ಹಗುರ ಮರ. ಬೆನ್ನಿಗೂ ಪಕ್ಕಕ್ಕೂ ಮೇಪಲ್. ಪಕ್ಕದ ಪಟ್ಟಿ ಸುಮಾರು ಒಂದು ಮಿಲಿಮೀಟರು ದಪ್ಪ. ಅದನ್ನು ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸುತ್ತಾರೆ. ಮೇಲ್ಹಲಗೆಯನ್ನು ಕಮಾನಿನಂತೆ ಉಬ್ಬಾಗಿ ಕೆತ್ತಿ, ಒಳಗಿನಿಂದ ಹೆರೆದು, ಮೂರು ಮಿಲಿಮೀಟರಿನಷ್ಟಕ್ಕೆ ತರುತ್ತಾರೆ. ಎಲ್ಲವೂ ಮರವಜ್ರದಿಂದ, ಎಂದರೆ ತೊಗಲು ಬೇಯಿಸಿ ತೆಗೆದ ಅಂಟಿನಿಂದ. ಮೇಲ್ಹಲಗೆಗೆ ಮಾತ್ರ ಆ ಅಂಟನ್ನು ಬೇಕೆಂದೇ ತೆಳ್ಳಗೆ ಕಲಸುತ್ತಾರೆ. ಮರ ಒಣಗಿ ಎಳೆದಾಗ ಮೊದಲು ಅಂಟು ಬಿಡಬೇಕು, ಹಲಗೆ ಉಳಿಯಬೇಕು. ನಮ್ಮ ಮಿಲ್ಲಿನಲ್ಲಿ ಫ್ಯೂಸು ಸುಟ್ಟು ಮೋಟಾರು ಉಳಿಯುವುದಿಲ್ಲವೇ, ಹಾಗೆ. ನಾನು ಮಾಡಿಸಿದ್ದು ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದ ಕೆಲಸ!

ಮೊಣಕಾಲುಗಳ ನಡುವೆ ಇಟ್ಟು ಬಾರಿಸುವ ದೊಡ್ಡ ಚೆಲ್ಲೋ ವಾದ್ಯವನ್ನು ಕಟ್ಟುವುದೂ ಹೀಗೆಯೇ.

ತಂತಿಗಳನ್ನು ಹೊರುವ ಕುದುರೆಗೆ ಅಂಟೇ ಇಲ್ಲ. ತಂತಿಯ ಒತ್ತಡದಲ್ಲೇ ನಿಲ್ಲುತ್ತದೆ. ಅದರ ಒಂದು ಕಾಲಿನ ಹತ್ತಿರ, ಒಳಗೆ, ಪೆನ್ಸಿಲಿನಂಥ ಒಂದು ಕಡ್ಡಿ ಎರಡು ಹಲಗೆಗಳ ನಡುವೆ ಸುಮ್ಮನೆ ಸಿಕ್ಕಿಸಿರುತ್ತದೆ. ಇಟಲಿಯವರು ಅದನ್ನು ‘ಆತ್ಮ’ ಎನ್ನುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ನಾದ ಬೇರೆ. ಎಲ್ಲ ತಂತಿ ಸಡಿಲಿಸಿದರೆ ಬಿದ್ದೇಹೋಗುವುದುಂಟು; ತಂತಿ ಬದಲಾಯಿಸುವಾಗ ಒಂದೊಂದಾಗಿ ಬದಲಾಯಿಸಿರಿ. ನಾಲ್ಕು ತಂತಿಗಳ ಎಳೆತವೇ ಇಪ್ಪತ್ತು ಕಿಲೋ ದಾಟುತ್ತದೆ. ಹಿಂದೆ ಕುಳಿತವರಿಗೂ ಕೇಳಲೆಂದು ಏಳು ತಂತಿ ಹಾಕಿದ ನಮ್ಮ ಪಿಟೀಲು ಚೌಡಯ್ಯನವರ (1895–1967) ವಾದ್ಯ ಎಷ್ಟು ಹೊತ್ತಿರಬೇಕು!

ಸ್ಟ್ರಾಡಿವರಿಯ ಪಿಟೀಲುಗಳು ಇಂದಿಗೂ ನುಡಿಯುವುದು ಈ ಬಿಚ್ಚುವ ಅಂಟಿನ ದಯೆಯಿಂದ. ಮುಂದಿನವರು ಅವನ್ನು ತೆರೆದು ಒಳಪಟ್ಟಿ ಬದಲಾಯಿಸಿದರು, ಕುತ್ತಿಗೆಯನ್ನೂ ಉದ್ದವಾಗಿಸಿದರು.

ನಮ್ಮ ಪಿಟೀಲಿನ ಬಿಳಿ ಅಂಟನ್ನು ಕೆರೆದು ತೆಗೆಯುವುದಕ್ಕೇ ಆ ಹಿರಿಯರಿಗೆ ನಾಲ್ಕು ಸಂಜೆ ಹಿಡಿಯಿತು. ಸೀಳನ್ನು ಕೂಡಿಸಿ ಕಟ್ಟಿಟ್ಟಿದ್ದಾರೆ. ದಸರೆಯ ಹೊತ್ತಿಗೆ ಕೊಡುತ್ತೇನೆ ಎಂದಿದ್ದಾರೆ. ಮಗಳು ದಿನ ಎಣಿಸುತ್ತಿದ್ದಾಳೆ.