ದೆವ್ವದ ಕಥೆಗೊಂದು ಚೌಕಟ್ಟು

ವಿದ್ಯಾರ್ಥಿಗಳೇ, ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರೆಯ ದಂಡೆಯ ಮೇಲಿರುವ ಹಳೆಯ ಕೋಟೆಯ ಊರು. ಇಂಥ ಊರುಗಳಲ್ಲಿ ಹಾಳುಗೋಡೆ, ಹೊಳೆಯ ಮಡು, ಹುಣಸೆಮರಗಳ ಸುತ್ತ ದೆವ್ವದ ಕಥೆಗಳು ಹುಟ್ಟಿಕೊಳ್ಳುವುದು ಸಹಜ. ನಿಮ್ಮ ಊರಿನಲ್ಲಿಯೂ ಅಂಥ ಕಥೆಯೊಂದನ್ನು ನೀವು ಕೇಳಿರಬಹುದು. ಜಪಾನೀಯರು ಇಂಥ ಕಥೆಗಳನ್ನು ಚಲನಚಿತ್ರಕ್ಕೆ ಹೇಗೆ ತಂದರು, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದನ್ನು ನೋಡೋಣ.

ಎಡೋ ಕಾಲದ (1603–1868) ಜಪಾನಿನಲ್ಲಿ ಒಂದು ಆಟವಿತ್ತು. ರಾತ್ರಿ ನೂರು ದೀಪ ಹಚ್ಚಿಟ್ಟು, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಹೇಳಿ ಒಂದೊಂದು ದೀಪ ಆರಿಸುತ್ತಿದ್ದರು. ಹಲವು ಬಿಡಿ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸುವ ಕಥಾಗುಚ್ಛ ಚಿತ್ರಗಳು ಈ ಕೂಟವನ್ನೇ ನೆನಪಿಸುತ್ತವೆ. ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರು 1976ರ ‘ಕಥಾಸಂಗಮ’ದಲ್ಲಿ ಮೂರು ಕಥೆಗಳನ್ನು ಹೀಗೆ ಜೋಡಿಸಿದ್ದರು. ಅವು ದೆವ್ವದ ಕಥೆಗಳಲ್ಲ; ಕಟ್ಟು ಮಾತ್ರ ಇದೇ.

ಮಸಾಕಿ ಕೊಬಯಾಶಿ ನಿರ್ದೇಶಿಸಿದ ‘ಕ್ವೈದಾನ್’ (1964) ಈ ಬಗೆಯ ಪ್ರಸಿದ್ಧ ಚಿತ್ರ. 1890ರಲ್ಲಿ ಜಪಾನಿಗೆ ಬಂದು ನೆಲೆಸಿದ ಲಾಫ್ಕಾಡಿಯೊ ಹರ್ನ್ ಬರೆದಿಟ್ಟ ನಾಲ್ಕು ಕಥೆಗಳು ಇದರಲ್ಲಿವೆ. 1965ರ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ದೊರೆಯಿತು. ಒಂದು ಕಥೆಯಲ್ಲಿ ಹೊಯಿಚಿ ಎಂಬ ಅಂಧ ಗಾಯಕನನ್ನು ಪ್ರೇತಗಳಿಂದ ಕಾಪಾಡಲು ಅವನ ಮೈತುಂಬ ಪವಿತ್ರ ಸೂತ್ರಗಳನ್ನು ಬರೆಯುತ್ತಾರೆ. ಕಿವಿಗಳ ಮೇಲೆ ಬರೆಯಲು ಮರೆತದ್ದರಿಂದ ಪ್ರೇತ ಕಿವಿಗಳನ್ನೇ ಕಿತ್ತೊಯ್ಯುತ್ತದೆ.

ಅಕ್ಷರವೇ ರಕ್ಷೆ ಎಂಬ ಈ ಕಲ್ಪನೆ ನಮಗೂ ಪರಿಚಿತ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಮನೆಮಂದಿಯ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿತ್ತು. ಜನ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದರು. ಓದಿದ ದೆವ್ವ ಹಿಂದಿರುಗಬೇಕು, ಮರುದಿನ ಬಂದರೂ ಅದೇ ಬರಹ! ಇದೇ ಕಲ್ಪನೆ 2018ರ ಹಿಂದಿ ಚಿತ್ರ ‘ಸ್ತ್ರೀ’ಯಲ್ಲಿಯೂ ಬಂದಿತು. ಜಪಾನಿನಲ್ಲಿ 1979ರಲ್ಲಿ ಬಾಯಿ ಸೀಳಿದ ಹೆಂಗಸೊಬ್ಬಳ ಸುದ್ದಿ ಹರಡಿ, ಕೆಲವೆಡೆ ಮಕ್ಕಳನ್ನು ಗುಂಪಾಗಿ ಮನೆಗೆ ಕಳುಹಿಸಬೇಕಾಯಿತು. ಶಾಲೆಯ ಇಂಥ ದಂತಕಥೆಗಳನ್ನು ಆಧರಿಸಿ 1998ರಲ್ಲಿ ‘ಗಕ್ಕೋ ನೋ ಕೈದಾನ್ ಜಿ’ ಎಂಬ ಟಿವಿ ಕಥಾಗುಚ್ಛ ಬಂದಿತು. ಅದಕ್ಕೆ ಎರಡು ಕಿರುಚಿತ್ರ ಮಾಡಿದ ತಕಾಶಿ ಶಿಮಿಜು ಮುಂದೆ ‘ಜು-ಆನ್’ ಚಿತ್ರಗಳಿಂದ ಹೆಸರಾದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಕಥೆಗೆ ಆದಿ ಉಂಟು, ಅಂತ್ಯ ಉಂಟು. ಇದು ಕಥೆ ಎಂದು ತಿಳಿದೇ ನಾವು ಹೆದರುತ್ತೇವೆ, ದೀಪ ಹತ್ತಿದೊಡನೆ ನಗುತ್ತೇವೆ. ವದಂತಿಗೆ ಈ ಚೌಕಟ್ಟಿಲ್ಲ. ಅದು ನಿನ್ನೆ, ಪಕ್ಕದ ಊರಿನಲ್ಲಿ ನಡೆದ ನಿಜದ ವೇಷದಲ್ಲಿ ಬರುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿದ ಗುಂಪು ಅಮಾಯಕ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತ್ತು.

ಆದ್ದರಿಂದ ಕಥೆಗಳನ್ನು ಬಿಡಬೇಕಾಗಿಲ್ಲ. ನಿಮ್ಮ ಊರಿನ ಹಿರಿಯರಿಂದ ದೆವ್ವದ ಕಥೆಗಳನ್ನು ಕೇಳಿ ಬರೆದಿಡಿ. ಹೇಳಿದವರು ಯಾರು, ಅವರು ಯಾರಿಂದ ಕೇಳಿದ್ದರು ಎಂಬುದನ್ನೂ ಬರೆಯಿರಿ. ಈ ಎರಡು ಪ್ರಶ್ನೆ ಕೇಳುವ ಅಭ್ಯಾಸವಾದರೆ, ಮೊಬೈಲಿಗೆ ಬಂದ ಭಯದ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನವೂ ಅವನ್ನೇ ಕೇಳುವಿರಿ.